ಹಾಡಿನ ಜೊತೆ ಹೆಸರನ್ನೂ ಕಳಿಸಿ

ಕಕ್ಕಬೆಯಲ್ಲಿ ಹಾಡು ಡೌನ್‌ಲೋಡ್ ಮಾಡಿಕೊಳ್ಳೋದು ಅಂದ್ರೆ ಮಳೆಗಾಲಕ್ಕೆ ಸೌದೆ ಒಟ್ಟಿಕೊಂಡ ಹಾಗೆ. ಜೂನ್ ಬರೋದರೊಳಗೆ ಕೆಲಸ ಮುಗಿದಿರಬೇಕು. ತಡಿಯಂಡಮೋಳ್ ಬೆಟ್ಟದ ಬುಡದ ಊರು ನಮ್ಮದು. ಮಳೆ ಹಿಡಿದರೆ ಎಲ್ಲೋ ಒಂದು ಮರ ತಂತಿ ಮೇಲೆ ಬೀಳುತ್ತೆ, ಕರೆಂಟ್ ಹೋಗುತ್ತೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು ಸಿಗ್ನಲ್ ಹೋಗುತ್ತೆ. ಆಮೇಲೆ ಫೋನಿನೊಳಗೆ ಏನಿದೆಯೋ ಅದೇ ಗತಿ. ಕೊಡಗಿನವರು ಮಳೆಯ ದೇವರು ಅಂತ ನಂಬೋ ಇಗ್ಗುತ್ತಪ್ಪ ಇರೋದು ನಮ್ಮೂರ ಪಾಡಿಯಲ್ಲೇ. ಹಾಗಾಗಿ ಮಳೆ ಬಗ್ಗೆ ನಾವು ಯಾರ ಹತ್ತಿರವೂ ದೂರು ಹೇಳೋ ಹಾಗಿಲ್ಲ!

ಆದರೆ ಈ ಕಷ್ಟದಿಂದ ಒಂದು ಒಳ್ಳೆ ಅಭ್ಯಾಸ ಬಂದಿದೆ. ನೆಟ್‌ವರ್ಕ್ ಸಿಕ್ಕಷ್ಟು ಹೊತ್ತಿನಲ್ಲಿ ಯಾವುದನ್ನು ಇಳಿಸಿಕೊಳ್ಳಬೇಕು ಅಂತ ಮೊದಲೇ ತೀರ್ಮಾನ ಮಾಡಬೇಕಾಗುತ್ತೆ. 5 ನಿಮಿಷದ ಒಂದು ಹಾಡು, 320 ಕೆಬಿಪಿಎಸ್ ಎಂಪಿ3 ಆದರೆ, ಸುಮಾರು 12 ಎಂಬಿ. 8 ಹಾಡಿನ ಆಲ್ಬಮ್ ಅಂದ್ರೆ ಹತ್ತಿರ ಹತ್ತಿರ 100 ಎಂಬಿ. ಬೆಂಗಳೂರಿನ ವೈಫೈಗೆ ಇದು ಲೆಕ್ಕವೇ ಅಲ್ಲ. ಒಂದು ಗೆರೆ ಸಿಗ್ನಲ್ ಇರೋ ಕಡೆ ಮಾತ್ರ ಅದೊಂದು ಸಂಜೆಯ ಕೆಲಸ. ಅಷ್ಟು ಕಾದು ಇಳಿಸಿಕೊಂಡ ಆಲ್ಬಮನ್ನು ಯಾರೂ ಹತ್ತು ಸೆಕೆಂಡ್ ಕೇಳಿ ಮುಂದಕ್ಕೆ ಹಾರಿಸೋದಿಲ್ಲ. ಪೂರ್ತಿ ಕೇಳುತ್ತಾರೆ, ಎರಡನೇ ಸಲವೂ ಕೇಳುತ್ತಾರೆ.

ಇದೇ ಕಾರಣಕ್ಕೆ ನಾವು ಆರು ಜನ ಪ್ರತಿ ತಿಂಗಳು ಒಬ್ಬರನ್ನೊಬ್ಬರು ಕೇಳಿಕೊಳ್ಳೋ ಪ್ರಶ್ನೆ ಒಂದಿದೆ: "ಈ ತಿಂಗಳು ಏನು ಇಳಿಸಿಕೊಂಡೆ?" ಎಲ್ಲರೂ ಕಕ್ಕಬೆ, ನಾಪೋಕ್ಲು ಸುತ್ತಮುತ್ತಲಿನವರೇ. ಒಬ್ಬ ಇಲ್ಲೇ ಕಾಫಿ ತೋಟ ನೋಡಿಕೊಳ್ಳುತ್ತಾನೆ. ಒಬ್ಬಳು ವಿರಾಜಪೇಟೆಯಲ್ಲಿ ಟೀಚರ್. ಒಬ್ಬ ಮೈಸೂರು, ಒಬ್ಬ ದುಬೈ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆರನೆಯವರು ತೋಟದ ಗೆಳೆಯನ ಮಾವ, ಬ್ಯಾಂಕಿನಿಂದ ನಿವೃತ್ತರಾದವರು. ನಮ್ಮೆಲ್ಲರಿಗಿಂತ ಜಾಸ್ತಿ ಹಾಡು ಅವರ ಹತ್ತಿರ ಇವೆ.

ನಮ್ಮ ನಿಯಮ ಮೂರೇ. ಒಂದು ತಿಂಗಳಿಗೆ ಒಂದೇ ಆಲ್ಬಮ್. ಯಾಕೆ ಕೇಳಬೇಕು ಅನ್ನೋದನ್ನ ಎರಡು ಮಾತಿನಲ್ಲಿ ಹೇಳಬೇಕು. ಮೂರನೆಯದು ಮುಖ್ಯ: ಹಾಡಿದವರು ಯಾರು, ಬರೆದವರು ಯಾರು, ಸಂಗೀತ ಯಾರದು, ಯಾವ ವರ್ಷದ್ದು ಅಂತ ಪೂರ್ತಿ ಹೇಳಬೇಕು. ಅಂಗಡಿಯಲ್ಲಿ, ಆ್ಯಪ್‌ನಲ್ಲಿ ಸಿಗೋ ಆಲ್ಬಮ್ ಆದರೆ ಫೈಲ್ ಕಳಿಸೋದಿಲ್ಲ, ಹೆಸರು ಕಳಿಸುತ್ತೇವೆ. ಬೇಕಾದವರು ತಾವೇ ತಗೋಬೇಕು. ಈ ಮೂರನೇ ನಿಯಮ ಯಾಕೆ ಬೇಕು ಅನ್ನೋದೇ ಈ ಲೇಖನದ ವಿಷಯ. ಅದಕ್ಕೆ ಮೊದಲು ಇತ್ತೀಚಿನ ಪಟ್ಟಿ ನೋಡಿ.

ಆರು ಜನ, ಆರು ಆಲ್ಬಮ್

ತೋಟದ ಗೆಳೆಯ ಹೇಳಿದ್ದು ಸ್ವರಾತ್ಮ ತಂಡದ ಮೊದಲ ಆಲ್ಬಮ್, 2009ರದ್ದು. ತಂಡದ ಹೆಸರೇ ಆಲ್ಬಮ್ಮಿಗೂ. ಜನಪದದ ಧಾಟಿ, ಜೊತೆಗೆ ರಾಕ್ ಗಿಟಾರ್. ಅವನು ಕೊಟ್ಟ ಕಾರಣ ಯಾವ ವಿಮರ್ಶಕನಿಗೂ ಹೊಳೆಯದ್ದು: "ಕರಿಮೆಣಸು ಕುಯ್ಯೋಕೆ ಏಣಿ ಹತ್ತಿದ ಮೇಲೆ ಕೈ ಎರಡೂ ಕೆಲಸದಲ್ಲಿರುತ್ತೆ. ಬೇಡದ ಹಾಡು ಬಂದರೆ ಬದಲಾಯಿಸೋಕೆ ಆಗಲ್ಲ. ಇದರಲ್ಲಿ ಬದಲಾಯಿಸಬೇಕು ಅನ್ನಿಸೋದು ಒಂದೂ ಇಲ್ಲ."

ಟೀಚರ್ ಗೆಳತಿಯ ಆಯ್ಕೆ 'ನಾತಿಚರಾಮಿ'. ಮಂಸೋರೆ ನಿರ್ದೇಶನದ 2018ರ ಸಿನಿಮಾ, ಸಂಗೀತ ಬಿಂದುಮಾಲಿನಿ ಅವರದ್ದು. ಇದೇ ಸಿನಿಮಾದ ಹಾಡಿಗೆ ಬಿಂದುಮಾಲಿನಿ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕಿ ರಾಷ್ಟ್ರ ಪ್ರಶಸ್ತಿಯೂ ಬಂತು. "ಪೇಪರ್ ತಿದ್ದುವಾಗ ಹಾಕಿಕೊಂಡೆ. ಒಂದು ಹಾಡಾದ ಮೇಲೆ ಪೇಪರ್ ಬದಿಗಿಟ್ಟೆ" ಅಂದಳು. ಎರಡು ಮಾತು ಮುಗೀತು.

ಮೈಸೂರಿನವನು ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ ಹೇಳಿದ. ನಾವೆಲ್ಲ ಹೈಸ್ಕೂಲಿಗೆ ಕಾಲಿಡೋ ಹೊತ್ತಿನದ್ದು. ಶಿಶುನಾಳ ಶರೀಫರ ಕಾಲ 1819ರಿಂದ 1889. ಅಷ್ಟು ಹಳೆಯ ತತ್ವಪದಗಳನ್ನ ಇವನು ಮೊದಲು ಕೇಳಿದ್ದೇ ಈ ಆಲ್ಬಮ್ಮಿನಲ್ಲಿ, ಗಿಟಾರ್ ಜೊತೆಗೆ. ಮಾವ ತಕ್ಷಣ ಕಾಲೆಳೆದರು: "ಶರೀಫರನ್ನ ಕೇಳೋಕೆ ನೀನು ಹಿಂಬಾಗಿಲಿಂದ ಬಂದಿದ್ದೀಯ ಕಣೋ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತಲ್ಲ, ಅಶ್ವತ್ಥ್ ಸಂಗೀತ, ಅದನ್ನ ಕೇಳು. ಆಮೇಲೆ ಇದನ್ನ ಇನ್ನೊಂದು ಸಲ ಕೇಳು."

ಮಾವನ ಸ್ವಂತ ಆಯ್ಕೆ 'ನಿತ್ಯೋತ್ಸವ'. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ಸಂಗೀತ. 1978ರಲ್ಲಿ ಕ್ಯಾಸೆಟ್ಟಾಗಿ ಬಂದಿದ್ದು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತಲೇ ಹೆಸರಾದದ್ದು. ಕವಿಯ ಹೆಸರು, ಸಂಗೀತಗಾರರ ಹೆಸರು ಎರಡನ್ನೂ ಜನ ನೆನಪಿಟ್ಟುಕೊಂಡು ಅಂಗಡಿಗೆ ಹೋಗಿ ಕೇಳುತ್ತಿದ್ದ ಕಾಲ ಅದು ಅಂತ ಮಾವ ಹೇಳ್ತಾರೆ.

ನಾನು ಹೇಳಿದ್ದು 'ಸಪ್ತ ಸಾಗರದಾಚೆ ಎಲ್ಲೋ'. ಹೇಮಂತ್ ರಾವ್ ಸಿನಿಮಾ, ಚರಣ್ ರಾಜ್ ಸಂಗೀತ, 2023. ಒಂದೇ ಕಥೆ ಎರಡು ಸಿನಿಮಾ ಆಗಿ ಬಂತು, ಸೈಡ್ ಎ ಮತ್ತು ಸೈಡ್ ಬಿ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಅದೇ ಊರು, ಅದೇ ಮನುಷ್ಯ, ಆದರೆ ಎರಡನೇ ಭಾಗದಲ್ಲಿ ಸ್ವರಗಳಿಗೆ ವಯಸ್ಸಾಗಿದೆ ಅನ್ನಿಸುತ್ತೆ.

ದುಬೈನವನ ಆಯ್ಕೆ ನಮ್ಮೆಲ್ಲರ ಬಾಯಿ ಮುಚ್ಚಿಸಿತು. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಗ್ರಾಮಫೋನ್ ಹಾಡುಗಳು. ಗಂಗೂಬಾಯಿ ಅಂದ್ರೆ ನಮ್ಮ ಕಿವಿಗೆ ಬರೋದು ಆ ಗಡಸು, ಗಂಭೀರ ಸ್ವರ. ಈ ಹಳೇ ರೆಕಾರ್ಡುಗಳಲ್ಲಿ ಇರೋದು ತೆಳುವಾದ, ಎತ್ತರದ ಹುಡುಗಿಯ ಸ್ವರ. ಗಂಟಲಿನ ಚಿಕಿತ್ಸೆ ಆದ ಮೇಲೆ ಅವರ ಸ್ವರವೇ ಬದಲಾಯಿತು. ಇನ್ನೂ ಒಂದು ವಿಷಯ. ಆಗಿನ ಎಚ್‌ಎಂವಿ ರೆಕಾರ್ಡುಗಳ ಮೇಲೆ ಅವರ ಹೆಸರು ಇದ್ದದ್ದು 'ಗಾಂಧಾರಿ' ಅಂತ. ಯೋಚನೆ ಮಾಡಿ: ಸ್ವರ ಬೇರೆ, ಹೆಸರೂ ಬೇರೆ. ಯಾರೋ ಪುಣ್ಯಾತ್ಮರು ಇವರೇ ಅವರು ಅಂತ ಬರೆದಿಡದೇ ಹೋಗಿದ್ದರೆ, ನಮ್ಮದೇ ಹುಬ್ಬಳ್ಳಿಯ ಗಂಗೂಬಾಯಿ ಅವರ ಹಾಡು ಯಾರದೋ ಹಾಡಾಗಿ ಉಳಿಯುತ್ತಿತ್ತು.

ಇಳಿಸಿಕೊಂಡದ್ದು ನಮ್ಮದಾ?

ಈಗ ಆ್ಯಪ್‌ಗಳ ಕಡೆ ಬರೋಣ. 'ಡೌನ್‌ಲೋಡ್' ಅನ್ನೋ ಪದಕ್ಕೆ ಈಗ ಎರಡು ಅರ್ಥ ಇದೆ, ಅದನ್ನ ಬೇರೆ ಬೇರೆ ಮಾಡಿ ನೋಡಬೇಕು.

ಸ್ಪಾಟಿಫೈ ಥರದ ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಹಾಡು ಇಳಿಸಿಕೊಂಡರೆ ಅದು ಫೋನಿನಲ್ಲಿರುತ್ತೆ, ನಿಜ. ಆದರೆ 30 ದಿನಕ್ಕೊಮ್ಮೆಯಾದರೂ ಆ್ಯಪ್ ಇಂಟರ್ನೆಟ್ಟಿಗೆ ಹೋಗಿ, ನೀವಿನ್ನೂ ಚಂದಾದಾರರು ಹೌದಾ ಅಂತ ಕೇಳಿಕೊಂಡು ಬರಬೇಕು. ಚಂದಾ ನಿಂತರೆ ಹಾಡೂ ನಿಂತಿತು. ಅದು ಬಾಡಿಗೆ ಮನೆ. ಅದರಲ್ಲಿ ತಪ್ಪೇನಿಲ್ಲ, ಕಡಿಮೆ ದುಡ್ಡಿಗೆ ಲಕ್ಷಗಟ್ಟಲೆ ಹಾಡು ಸಿಗುತ್ತೆ. ಬಾಡಿಗೆ ಮನೆ ಅನ್ನೋದು ಮಾತ್ರ ಗೊತ್ತಿರಬೇಕು.

ಮನೆಯನ್ನೇ ಮುಚ್ಚಿದರೆ? ಅದೂ ಆಗುತ್ತೆ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ರೆಸ್ಸೋ 2024ರ ಜನವರಿಯಲ್ಲಿ ಭಾರತದಲ್ಲಿ ನಿಂತಿತು. 2014ರಲ್ಲಿ ಶುರುವಾದ ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ 2024ರಲ್ಲಿ ಮುಗಿಯಿತು. ವರ್ಷಗಟ್ಟಲೆ ಕೂತು ಮಾಡಿಕೊಂಡ ಹಾಡಿನ ಪಟ್ಟಿಗಳು ಆ್ಯಪ್ ಹೋದಾಗ ಅದರ ಜೊತೆಗೇ ಹೋಗುತ್ತವೆ, ಬೇರೆ ಕಡೆ ಬರೆದಿಟ್ಟುಕೊಳ್ಳದೇ ಇದ್ದರೆ.

ಇದಕ್ಕೆ ಪೂರ್ತಿ ಉಲ್ಟಾ ಒಂದು ಉದಾಹರಣೆ ಬೆಂಗಳೂರಿನಲ್ಲೇ ಇತ್ತು. ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ 'ಫ್ಲೈಟ್' ಅಂತ ಒಂದು ಡಿಜಿಟಲ್ ಹಾಡಿನ ಅಂಗಡಿ ತೆರೆಯಿತು. ಹಾಡಿಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಯಾವ ಬೀಗವೂ ಇಲ್ಲದ ಎಂಪಿ3 ಫೈಲ್ ನಿಮ್ಮ ಕೈಗೆ. ಪುಕ್ಕಟೆ ಹಾಡಿಗೆ ಒಗ್ಗಿಹೋದ ದೇಶದಲ್ಲಿ ವ್ಯಾಪಾರ ನಡೆಯಲಿಲ್ಲ, 2013ರ ಜೂನ್‌ನಲ್ಲಿ ಅಂಗಡಿ ಮುಚ್ಚಿತು. ಆದರೆ ಅಲ್ಲಿ ಕೊಂಡ ಫೈಲುಗಳು ಇವತ್ತಿಗೂ ಹಾಡುತ್ತವೆ. ಅಂಗಡಿ ಹೋಯಿತು, ಸಾಮಾನು ಉಳಿಯಿತು.

ಬಾಡಿಗೆಯಾದರೇನು, ಸ್ವಂತವಾದರೇನು, ದೊಡ್ಡ ಆಲ್ಬಮ್‌ಗಳು ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತವೆ. ಒಂದು ಆ್ಯಪ್ ಮುಚ್ಚಿದರೆ ಇನ್ನೊಂದರಲ್ಲಿ ಚರಣ್ ರಾಜ್ ಇರುತ್ತಾರೆ. ಹೆಸರು ಗೊತ್ತಿದ್ದರೆ ಹುಡುಕಿಕೊಳ್ಳಬಹುದು. ನಿಜವಾದ ಕಷ್ಟ ಇರೋದು ಎಲ್ಲೂ ಸರಿಯಾಗಿ ಹೆಸರು ದಾಖಲಾಗದ ಹಾಡುಗಳಿಗೆ. ಅಂಥವು ನಮ್ಮ ಕೊಡಗಿನಲ್ಲಿ ಬೇಕಾದಷ್ಟಿವೆ.

'ಟ್ರ್ಯಾಕ್ 01' ಅನ್ನೋ ಗಾಯಕ

ಕೊಡಗಿನ ಯಾವ ಮದುವೆಗೆ ಹೋದರೂ ವಾಲಗ ಇರುತ್ತೆ. ಆ ತಾಳ ಶುರುವಾದರೆ ಕುರ್ಚಿಯಲ್ಲಿ ಕೂತವರ ಕಾಲೂ ಕುಣಿಯುತ್ತೆ. ಬೆಂಗಳೂರಿನಲ್ಲಿ ಆಫೀಸ್ ಟ್ರಿಪ್‌ನಲ್ಲೂ ನಮ್ಮವರು ಇಬ್ಬರು ಸೇರಿದರೆ ಫೋನಿನಿಂದ ವಾಲಗ ಹಾಕಿ ಕುಣಿಯುತ್ತಾರೆ. ಆ ಫೈಲಿನ ಹೆಸರು ನೋಡಿ: 'ಕೊಡವ ವಾಲಗ ಸೂಪರ್', 'ಕೂರ್ಗಿ ಡ್ಯಾನ್ಸ್', 'ಕೊಡಗು ವೆಡ್ಡಿಂಗ್ 2', ಇಲ್ಲಾ ಬರೀ 'ಟ್ರ್ಯಾಕ್ 01'. ಒಂದೇ ಧ್ವನಿಮುದ್ರಣ ನಾಲ್ಕು ಹೆಸರಿನಲ್ಲಿ ಓಡಾಡುತ್ತೆ. ನುಡಿಸಿದವರ ಹೆಸರು ಒಂದರಲ್ಲೂ ಇರೋದಿಲ್ಲ. ತಲೆತಲಾಂತರದಿಂದ ವಾಲಗ ನುಡಿಸಿಕೊಂಡು ಬಂದವರು ಮೇದ, ಕೆಂಬಟ್ಟಿಯಂಥ ಸಮುದಾಯಗಳ ಕಲಾವಿದರು. ಮದುವೆ ವಿಡಿಯೋದಲ್ಲಿ ವರ, ವಧು, ಛತ್ರ, ಫೋಟೋಗ್ರಾಫರ್ ಎಲ್ಲರ ಹೆಸರೂ ಬರುತ್ತೆ. ಇವರದ್ದು ಬರೋದಿಲ್ಲ.

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಇದೆ. ಸ್ಮಾರ್ಟ್‌ಫೋನ್ ಬರೋ ಮೊದಲು ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದರಲ್ಲ, ನೆನಪಿದೆಯಾ? ಆ ಫೈಲುಗಳಲ್ಲಿ ಗಾಯಕರ ಹೆಸರಿರಬೇಕಾದ ಜಾಗದಲ್ಲಿ ಯಾವುದೋ ಕಳ್ಳ ವೆಬ್‌ಸೈಟಿನ ವಿಳಾಸ ಇರುತ್ತಿತ್ತು. ಒಂದು ಎಂಪಿ3 ಫೈಲಿನೊಳಗೆ ಹಾಡು ಮಾತ್ರ ಇರೋದಿಲ್ಲ. ಶೀರ್ಷಿಕೆ, ಕಲಾವಿದರು, ಆಲ್ಬಮ್, ವರ್ಷ, ಸಂಗೀತ, ಟಿಪ್ಪಣಿ ಅಂತ ಸಣ್ಣ ಸಣ್ಣ ಖಾನೆಗಳೂ ಇರುತ್ತವೆ. ಇದಕ್ಕೆ ಟ್ಯಾಗ್ ಅಂತಾರೆ. ಆ್ಯಪ್ ಆಗಲಿ, ಕಂಪ್ಯೂಟರ್ ಆಗಲಿ, ಹಾಡನ್ನ ಗುರುತು ಹಿಡಿಯೋದು ಮೊದಲು ಇವುಗಳಿಂದಲೇ. ಖಾನೆ ಖಾಲಿ ಇದ್ದರೆ ಅಥವಾ ಕಸ ತುಂಬಿದ್ದರೆ, ಹುಡುಕುವವರ ಕಣ್ಣಿಗೆ ಆ ಹಾಡು ಇದ್ದೂ ಇಲ್ಲದ ಹಾಗೆ.

ದೊಡ್ಡ ಭಾಷೆಗಳಿಗೆ ಇದು ಸಣ್ಣ ತೊಂದರೆ. ಸಣ್ಣ ಭಾಷೆಗೆ ಪ್ರಾಣಕ್ಕೆ ಬರೋ ತೊಂದರೆ. ಜನಗಣತಿಯಲ್ಲಿ ಕೊಡವ ತಕ್ಕನ್ನ ತಾಯ್ನುಡಿ ಅಂತ ಬರೆಸಿದವರು 2001ರಲ್ಲಿ 1,66,187 ಜನ. 2011ರಲ್ಲಿ 1,13,857. ಯುನೆಸ್ಕೋ ಪಟ್ಟಿಯಲ್ಲಿ ಇದು ಅಳಿವಿನಂಚಿನ ಭಾಷೆ. ಒಂದು ಆ್ಯಪ್ ನಿಮಗೆ ಹೊಸ ಹಾಡು ಸೂಚಿಸೋದು, ನಿಮ್ಮ ಥರದ ಲಕ್ಷಾಂತರ ಜನ ಏನು ಕೇಳಿದರು ಅಂತ ಲೆಕ್ಕ ಹಾಕಿ. ಕೇಳುವವರೇ ಕೆಲವು ಸಾವಿರ ಇದ್ದಾಗ, ಹಾಡಿನ ಹೆಸರೇ ನಾಲ್ಕು ಥರ ಇದ್ದಾಗ, ಆ ಲೆಕ್ಕ ಏಳೋದೇ ಇಲ್ಲ. ನಾನು ಇದೇ ಥರದ ಡೇಟಾ ಜೊತೆ ದಿನಾ ಏಗೋ ಕೆಲಸದವನು, ಹಾಗಾಗಿ ಹೇಳ್ತೀನಿ: ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಯಂತ್ರಕ್ಕೆ ಕೊಡದ ಮಾಹಿತಿ ಯಂತ್ರದಿಂದ ವಾಪಸ್ ಬರೋದಿಲ್ಲ, ಅಷ್ಟೇ.

ಹೆಸರು ಕೂಗಿ ಹೇಳಿದವರು, ಬರೆದಿಟ್ಟವರು

ಈ ಹೆಸರಿನ ಸಮಸ್ಯೆ ಭಾರತದಲ್ಲಿ ಧ್ವನಿಮುದ್ರಣ ಶುರುವಾದ ದಿನದಿಂದಲೂ ಇದೆ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನ ಮುದ್ರಿಸಿಕೊಂಡ. ಹಾಡು ಮುಗಿದ ಕೂಡಲೇ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನ ಗಟ್ಟಿಯಾಗಿ ಹೇಳುತ್ತಾರೆ. ಅದು ಜಂಬ ಅಲ್ಲ. ರೆಕಾರ್ಡ್ ಅಚ್ಚಾಗೋದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಭಾಷೆ ಗೊತ್ತಿಲ್ಲ, ಯಾರ ತಟ್ಟೆಗೆ ಯಾರ ಚೀಟಿ ಅಂಟಿಸಬೇಕು ಅಂತ ತಿಳಿಯೋದಿಲ್ಲ. ಹಾಗಾಗಿ ಹಾಡಿನೊಳಗೇ ಹೆಸರು ಸೇರಿಸಿಬಿಟ್ಟರು. ನಮ್ಮ ದೇಶದ ಮೊದಲ ಟ್ಯಾಗ್ ಅದು ಅನ್ನಬಹುದು.

ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಸ್ಥಾನದಲ್ಲಿ ಸಂಗೀತಗಾರ್ತಿಯಾದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ನೂರಿಪ್ಪತ್ತು ವರ್ಷ ದಾಟಿದರೂ ಆ ರೆಕಾರ್ಡು ಯಾರದ್ದು ಅಂತ ಯಾರಿಗೂ ಅನುಮಾನವಿಲ್ಲ. ಅವರೇ ಹೇಳಿ ಹೋಗಿದ್ದಾರೆ.

ಕೊಡಗಿನಲ್ಲೂ ಇಂಥ ಕೆಲಸ ಮಾಡಿದವರು ಇದ್ದಾರೆ. ನಡಿಕೇರಿಯಂಡ ಚಿಣ್ಣಪ್ಪ ಅವರು ಪೊಲೀಸ್ ಅಧಿಕಾರಿಯಾಗಿದ್ದವರು. ಬಾಯಿಂದ ಬಾಯಿಗೆ ಬಂದ ಕೊಡವ ಹಾಡುಗಳನ್ನ, ಪದ್ಧತಿಗಳನ್ನ ಸಂಗ್ರಹಿಸಿ, ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ 'ಪಟ್ಟೋಲೆ ಪಳಮೆ' ಅಂತ ಪುಸ್ತಕ ತಂದರು. ಆಗ ಅವರ ಕೈಯಲ್ಲಿ ರೆಕಾರ್ಡರ್ ಇರಲಿಲ್ಲ, ಪೆನ್ನು ಇತ್ತು. ಇವತ್ತು ಹುತ್ತರಿಗೆ, ಮದುವೆಗೆ ದುಡಿ ಹಿಡಿದು ಹಾಡುವವರಿಗೆ ಆ ಪುಸ್ತಕವೇ ಆಧಾರ. ಸಾಹಿತ್ಯ ಉಳಿಯಿತು. ಆದರೆ ಆ ಹಾಡನ್ನ ಒಬ್ಬೊಬ್ಬರು ಹೇಗೆ ಎಳೆಯುತ್ತಿದ್ದರು, ಎಲ್ಲಿ ಉಸಿರು ತಗೊಳ್ಳುತ್ತಿದ್ದರು, ದುಡಿಯ ಪೆಟ್ಟು ಎಲ್ಲಿ ಬೀಳುತ್ತಿತ್ತು ಅನ್ನೋದು ಪುಸ್ತಕಕ್ಕೆ ಬರೋದಿಲ್ಲ. ಅದು ಇರೋದು ಧ್ವನಿಯಲ್ಲಿ. ಅಂದ್ರೆ ಮನೆಮನೆಯ ಅಟ್ಟದ ಮೇಲಿರೋ ಕ್ಯಾಸೆಟ್ಟುಗಳಲ್ಲಿ.

ಅಟ್ಟದ ಮೇಲಿನ ಕ್ಯಾಸೆಟ್

ಹೋದ ವರ್ಷ ತೋಟದ ಗೆಳೆಯನ ಸರದಿ ಬಂದಾಗ ಅವನು ಆಲ್ಬಮ್ ಬದಲು ಒಂದು ಕ್ಯಾಸೆಟ್ ತಂದ. ಅವರ ಮನೆಯ ಹಳೇ ಮದುವೆಯೊಂದರದ್ದು, 60 ನಿಮಿಷದ್ದು. ಚೀಟಿಯ ಮೇಲೆ 'ಮದುವೆ, ಸೈಡ್ ಬಿ' ಅಂತಷ್ಟೇ ಬರೆದಿತ್ತು. ಸ್ವಲ್ಪ ಬೂಷ್ಟು ಹಿಡಿದಿತ್ತು, ಕೊಡಗಿನ ತೇವಕ್ಕೆ ಇದು ಮಾಮೂಲು. ಮಡಿಕೇರಿಯಲ್ಲಿ ರಿಪೇರಿ ಮಾಡುವವರೊಬ್ಬರು ಟೇಪನ್ನ ಶುಚಿ ಮಾಡಿಕೊಟ್ಟರು. ಮಾವನ ಹಳೇ ಡೆಕ್‌ನಿಂದ ಲ್ಯಾಪ್‌ಟಾಪ್‌ಗೆ ತಂತಿ ಜೋಡಿಸಿ, ಆಡಾಸಿಟಿ ಅನ್ನೋ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಮುದ್ರಿಸಿಕೊಂಡೆವು.

ಮೊದಲು ವಾಲಗ. ಆಮೇಲೆ ದುಡಿ ಹಾಡು. ನಾಲ್ಕು ಜನ ದುಡಿ ಹಿಡಿದು ಹಾಡೋದು ಪದ್ಧತಿ: ಇಬ್ಬರು ಹೇಳುತ್ತಾರೆ, ಇನ್ನಿಬ್ಬರು ಅದನ್ನೇ ಎತ್ತಿಕೊಳ್ಳುತ್ತಾರೆ. ಹಿಂದೆ ಮಕ್ಕಳ ಗಲಾಟೆ, ಪಾತ್ರೆ ಸದ್ದು, ಯಾರೋ ಯಾರನ್ನೋ ಊಟಕ್ಕೆ ಕರೆಯೋದು. ಹಾಡಿದವರು ಯಾರು ಅಂತ ನಮಗೆ ಗೊತ್ತಿಲ್ಲ. ಗೆಳೆಯನ ಅಪ್ಪನಿಗೂ ಗೊತ್ತಿಲ್ಲ.

ಅವನ ಅಜ್ಜಿಗೆ ವಯಸ್ಸು ತೊಂಬತ್ತರ ಹತ್ತಿರ. ಕೊಡವರ ಮನೆಯಲ್ಲಿ ಅಜ್ಜಿಯನ್ನ 'ತಾಯಿ' ಅಂತ ಕರೆಯುತ್ತಾರೆ. ಕಿವಿ ಸ್ವಲ್ಪ ಮಂದ, ಹೆಡ್‌ಫೋನ್ ಹಾಕಿದೆವು. "ತಾಯೀ, ಇದು ಯಾರ ಸ್ವರ?" ಅಂತ ಅವನು ಕೇಳಿದ.

ತಾಯಿ ಕಣ್ಣು ಮುಚ್ಚಿ ಕೇಳಿದರು. ಮೊದಲ ಸ್ವರಕ್ಕೆ ತಕ್ಷಣ ಒಂದು ಹೆಸರು ಹೇಳಿದರು, ಒಕ್ಕದ ಹೆಸರು ಸಮೇತ. "ಅವನು ಸಾಲಿನ ಕೊನೆಯಲ್ಲಿ ಯಾವಾಗಲೂ ಹೀಗೆ ಮೇಲಕ್ಕೆ ಹೋಗ್ತಿದ್ದ, ಬೇರೆಯವರಿಗೆ ಸಿಟ್ಟು ಬರ್ತಿತ್ತು" ಅಂತ ನಕ್ಕರು. ಎರಡನೆಯದಕ್ಕೆ ಸ್ವಲ್ಪ ಯೋಚಿಸಿ ಇನ್ನೊಂದು ಹೆಸರು. ಉಳಿದ ಇಬ್ಬರನ್ನ ಮೂರು ಸಲ ಕೇಳಿದರೂ ಗುರುತು ಸಿಗಲಿಲ್ಲ. "ಇವರನ್ನ ಹೇಳೋಕೆ ನನ್ನ ಅಕ್ಕ ಇರಬೇಕಿತ್ತು" ಅಂದರು.

ಇದರ ಅರ್ಥ ಏನು ನೋಡಿ. ಆ ಟೇಪಿನ ಎರಡು ಹೆಸರು ಉಳಿದಿದ್ದು ಒಬ್ಬರ ನೆನಪಿನಲ್ಲಿ. ಇನ್ನೆರಡು ಹೆಸರು ಇದ್ದದ್ದು ಇನ್ನೊಬ್ಬರ ನೆನಪಿನಲ್ಲಿ, ಅವರು ಈಗ ಇಲ್ಲ. ಟೇಪಿನ ಬೂಷ್ಟನ್ನ ಹತ್ತು ವರ್ಷ ಬಿಟ್ಟೂ ಶುಚಿ ಮಾಡಿಸಬಹುದೇನೋ. ತಾಯಿಯನ್ನ ಕೇಳೋಕೆ ಅಷ್ಟು ಸಮಯ ಯಾರ ಹತ್ತಿರವೂ ಇಲ್ಲ.

ಆ ಫೈಲಿನ ಕಲಾವಿದರ ಖಾನೆಯಲ್ಲಿ ಈಗ ಎರಡು ಹೆಸರಿವೆ, ಕನ್ನಡ ಲಿಪಿಯಲ್ಲಿ. ಟಿಪ್ಪಣಿಯಲ್ಲಿ ಮದುವೆಯ ಊರು, ಗುರುತು ಹೇಳಿದವರು ಯಾರು, ಯಾವಾಗ ಹೇಳಿದರು ಅನ್ನೋದೂ ಇದೆ. ಉಳಿದ ಇಬ್ಬರಿಗೆ 'ಕೇಳಬೇಕು' ಅಂತ ಬರೆದಿದ್ದೇವೆ.

ನಿಮ್ಮ ಮನೆಯಲ್ಲೂ ಇದ್ದರೆ

ಕೊಡಗಿನವರೇ ಆಗಬೇಕಿಲ್ಲ. ಉತ್ತರ ಕನ್ನಡದ ಯಕ್ಷಗಾನ ಇರಬಹುದು, ಕಾಸರಗೋಡಿನ ಅಜ್ಜಿಯ ಶೋಭಾನೆ ಇರಬಹುದು, ಧಾರವಾಡದ ಭಜನೆ ಇರಬಹುದು. ಮನೆಯಲ್ಲಿ ಹಳೇ ಕ್ಯಾಸೆಟ್ ಇದ್ದರೆ ಇಷ್ಟು ಮಾಡಿ.

ಬಿಳಿ ಬೂಷ್ಟು ಕಂಡರೆ ಹಾಗೇ ಡೆಕ್ಕಿಗೆ ಹಾಕಬೇಡಿ, ಟೇಪೂ ಹಾಳು, ಡೆಕ್ಕೂ ಹಾಳು. ಗೊತ್ತಿರುವವರಿಗೆ ಕೊಡಿ. ಚೆನ್ನಾಗಿದ್ದರೆ ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ. ಕ್ಯಾಸೆಟ್ಟಿನ ಮೇಲಂಚಿನಲ್ಲಿರೋ ಎರಡು ಸಣ್ಣ ಪ್ಲಾಸ್ಟಿಕ್ ತುಂಡುಗಳನ್ನ ಮುರಿದುಬಿಡಿ, ಆಗ ಅದರ ಮೇಲೆ ಅಪ್ಪಿತಪ್ಪಿ ಬೇರೆ ರೆಕಾರ್ಡ್ ಆಗೋದಿಲ್ಲ.

ಮುದ್ರಿಸುವಾಗ ಮೊದಲು ವೇವ್ ಫೈಲ್ ಮಾಡಿ, ಎಂಪಿ3 ಆಮೇಲೆ. ಸಿಡಿ ಗುಣಮಟ್ಟದಲ್ಲಿ 60 ನಿಮಿಷಕ್ಕೆ ಸುಮಾರು 635 ಎಂಬಿ ಆಗುತ್ತೆ. ನಿಮ್ಮ ಫೋನಿನ ಗುಡ್ ಮಾರ್ನಿಂಗ್ ಚಿತ್ರಗಳಿಗಿಂತ ಕಡಿಮೆಯೇ! ಎರಡು ಬೇರೆ ಬೇರೆ ಕಡೆ ಇಡಿ. ಟ್ಯಾಗ್ ತುಂಬೋಕೆ ಎಂಪಿ3ಟ್ಯಾಗ್ ಥರದ ಉಚಿತ ಸಾಫ್ಟ್‌ವೇರ್ ಇದೆ, ಕನ್ನಡದಲ್ಲೇ ಬರೆಯಬಹುದು. ಕನ್ನಡದ ಜೊತೆ ಇಂಗ್ಲಿಷ್ ಅಕ್ಷರದಲ್ಲೂ ಹೆಸರು ಹಾಕಿ, ಹುಡುಕುವವರು ಹೇಗೆ ಟೈಪ್ ಮಾಡುತ್ತಾರೋ ಗೊತ್ತಿಲ್ಲವಲ್ಲ.

ಎಲ್ಲರಿಗೂ ಸಿಗೋ ಹಾಗೆ ಹಾಕುವ ಮುಂಚೆ ಹಕ್ಕಿನ ವಿಷಯ ಯೋಚಿಸಿ. ನಮ್ಮ ಕಾಯ್ದೆಯಲ್ಲಿ ಪ್ರಕಟವಾದ ಧ್ವನಿಮುದ್ರಣಕ್ಕೆ 60 ವರ್ಷ ಹಕ್ಕು ಇರುತ್ತೆ. 1960ರಲ್ಲಿ ಬಂದ ರೆಕಾರ್ಡಿನ ಹಕ್ಕು 2020ರ ಕೊನೆಗೆ ಮುಗಿಯಿತು. ಆದರೆ ಅದರಲ್ಲಿರೋ ಕವಿತೆಗೆ, ಸಂಗೀತಕ್ಕೆ ಬೇರೆ ಲೆಕ್ಕ: ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ. ಹಾಡಿದವರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. ಮನೆ ಮದುವೆಯ ಟೇಪ್ ಆದರೂ ಹಾಡಿದವರ ಮನೆಯವರನ್ನ ಒಂದು ಮಾತು ಕೇಳೋದು ಮರ್ಯಾದೆ. ಕೇಳೋಕೆ ಹೋದಾಗಲೇ ಇನ್ನಷ್ಟು ಹೆಸರು, ಇನ್ನೊಂದೆರಡು ಕ್ಯಾಸೆಟ್ ಸಿಗೋದು ಅನ್ನೋದು ನಮ್ಮ ಅನುಭವ.

ಹೊಸ ಆಲ್ಬಮ್‌ಗೂ ಇದೇ ಮಾತು. ಗೆಳೆಯರಿಗೆ ಹಾಡು ಸೂಚಿಸುವಾಗ ಬರೀ ಲಿಂಕ್ ಎಸೆಯಬೇಡಿ, ಆ್ಯಪ್ ಮುಚ್ಚಿದ ದಿನ ಲಿಂಕ್ ಸಾಯುತ್ತೆ. ಹಾಡಿದವರ ಹೆಸರು, ಆಲ್ಬಮ್ಮಿನ ಹೆಸರು, ವರ್ಷ ಬರೆಯಿರಿ. ನಿಮಗೆ ಯಾಕೆ ಹಿಡಿಸಿತು ಅಂತ ಒಂದು ಸಾಲು ಬರೆಯಿರಿ. ಅಷ್ಟಿದ್ದರೆ ಇನ್ನು ಇಪ್ಪತ್ತು ವರ್ಷ ಬಿಟ್ಟೂ ಯಾರಾದರೂ ಹುಡುಕಿಕೊಳ್ಳಬಹುದು.

ನಮ್ಮ ಕ್ಯಾಸೆಟ್ಟಿನ ಇನ್ನಿಬ್ಬರು ಗಾಯಕರ ಹುಡುಕಾಟ ಮುಂದುವರಿದಿದೆ. ಹುತ್ತರಿಯ ದಿನ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗುತ್ತೆ. ಆಮೇಲೆ ಊರೂರಿನ ಮಂದ್‌ಗಳಲ್ಲಿ ಹಿರಿಯರೆಲ್ಲ ಒಂದೇ ಕಡೆ ಸೇರುತ್ತಾರೆ. ಈ ಸಲ ಫೋನಿನ ಜೊತೆ ಒಂದು ಸಣ್ಣ ಸ್ಪೀಕರ್ ಕೂಡ ತಗೊಂಡು ಹೋಗೋದು ಅಂತ ತೀರ್ಮಾನ ಆಗಿದೆ. ಯಾರಿಗಾದರೂ ಆ ಸ್ವರ ಗೊತ್ತಿದ್ದೀತು.